ಗೆರೆ ದಾಟಿದರೆ ಎಚ್ಚರಿಸುವ ಸಾಧನ

ಕಾಫಿ ಕೊಯ್ಲು ಮುಗಿಯುತ್ತ ಬಂದಂತೆ ಕ್ಯೂರಿಂಗ್ ವರ್ಕ್ಸ್‌ಗೆ, ಅಡಿಕೆ ಮಂಡಿಗೆ ರಾತ್ರಿ ಹೊತ್ತು ಓಡುವ ಲಾರಿ, ಪಿಕಪ್‌ಗಳು ಹೆಚ್ಚುತ್ತವೆ. ಹಗಲೆಲ್ಲ ಮೂಟೆ ಹೊರಿಸಿದವರೇ ರಾತ್ರಿ ಸ್ಟಿಯರಿಂಗ್ ಹಿಡಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಬೆಳಗಿನ ಜಾವ ಕಣ್ಣು ಎಳೆಯುತ್ತದೆ. ಗಾಡಿ ತನ್ನ ಪಥ ಬಿಟ್ಟು ಎದುರಿನ ವಾಹನಕ್ಕೋ ಪಕ್ಕದ ಮರಕ್ಕೋ ಬಡಿಯುತ್ತದೆ. ಇಂಥ ಅಪಘಾತ ತಪ್ಪಿಸಲೆಂದೇ ಬಂದಿರುವ ಎಚ್ಚರಿಕೆ ಸಾಧನಕ್ಕೆ ಹಣ ಕೊಡಬಹುದೇ ಎಂದು ಹೊಸ ವಾಹನ ಕೊಳ್ಳಲಿರುವ ಕೆಲವು ಸದಸ್ಯರು ಕೇಳಿದ್ದಾರೆ. ಕೊಡಬೇಕೆಂದೇ ನಮ್ಮ ಅಭಿಪ್ರಾಯ. ಆದರೆ ಅದರಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ತಿಳಿದು ಕೊಡಬೇಕು.

ಮುಂಗಾಜಿನ ಹಿಂದೆ ಕೂರಿಸಿದ ಪುಟ್ಟ ಕ್ಯಾಮರಾ ರಸ್ತೆಯ ಬಿಳಿ ಗೆರೆಗಳನ್ನು ನೋಡುತ್ತಿರುತ್ತದೆ. ಇಂಡಿಕೇಟರ್ ಹಾಕದೆ ಚಕ್ರ ಗೆರೆಯತ್ತ ಸರಿದರೆ ಬೀಪ್ ಸದ್ದು ಮಾಡುತ್ತದೆ, ಇಲ್ಲವೇ ಸ್ಟಿಯರಿಂಗನ್ನು ನಡುಗಿಸುತ್ತದೆ. ಇಷ್ಟೇ ಅದರ ಕೆಲಸ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ತೂಕಡಿಸಿದರೆ ಗಾಡಿ 50 ಮೀಟರ್ ಸಾಗಿರುತ್ತದೆ ಎಂಬುದನ್ನು ನೆನೆದರೆ ಆ ಸದ್ದಿನ ಬೆಲೆ ತಿಳಿದೀತು. 2000ದಲ್ಲಿ ಯುರೋಪಿನ ಮರ್ಸಿಡಿಸ್ ಲಾರಿಗಳಲ್ಲಿ ಬಂದ ಇದನ್ನು 2015ರ ನವೆಂಬರಿನಿಂದ ಅಲ್ಲಿನ ಹೊಸ ಭಾರಿ ಲಾರಿ, ಬಸ್ಸುಗಳಿಗೆ ಕಡ್ಡಾಯ ಮಾಡಿದರು. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ 2017ರಲ್ಲಿ ಲೆಕ್ಕ ಹಾಕಿದಾಗ, ಈ ಸಾಧನವಿರುವ ವಾಹನಗಳಲ್ಲಿ ಪಥ ಬಿಟ್ಟು ಆಗುವ ಬಗೆಯ ಅಪಘಾತಗಳು ಶೇ. 11ರಷ್ಟು, ಅವುಗಳಲ್ಲಿ ಜನರಿಗೆ ಗಾಯವಾದಂಥವು ಶೇ. 21ರಷ್ಟು ಕಡಿಮೆಯಿದ್ದವು. ಸದ್ದು ಕಿರಿಕಿರಿಯೆಂದು ಆರಿಸಿಬಿಡುವವರು ಅಲ್ಲಿಯೂ ಬಹಳ. ದುಡ್ಡು ಕೊಟ್ಟು ಕೊಂಡು ಬಾಯಿ ಮುಚ್ಚಿಸುವುದೆಂದರೆ ನಾಯಿ ಸಾಕಿ ಬೊಗಳಬೇಡ ಎಂದ ಹಾಗೆ.

ಇನ್ನು ನಮ್ಮ ರಸ್ತೆಗಳ ವಿಚಾರ. ಶಿರಾಡಿ, ಚಾರ್ಮಾಡಿ ಘಾಟಿಗಳ ತಿರುವಿನಲ್ಲಿ ಇದನ್ನು ನೆಚ್ಚುವಂತಿಲ್ಲ. ಲಾರಿಗಳಲ್ಲಿ ಇದು ಸಾಮಾನ್ಯವಾಗಿ 60 ಕಿ.ಮೀ. ವೇಗ ದಾಟಿದ ಮೇಲೆ ಎಚ್ಚರವಾಗುವಂಥದು. ಮಂಜು ಕವಿದಾಗ, ಜಡಿಮಳೆಯಲ್ಲಿ ಕ್ಯಾಮರಾಕ್ಕೂ ನಮ್ಮಂತೆಯೇ ಕಣ್ಣು ಕಾಣದು. ತೋಟದ ರಸ್ತೆಗಳಲ್ಲಂತೂ ಗೆರೆಯೇ ಇಲ್ಲ. ಆದರೆ ಘಾಟಿಯಲ್ಲಿ ಭಯವೇ ಚಾಲಕನನ್ನು ಎಚ್ಚರವಾಗಿಡುತ್ತದೆ. ಸಕಲೇಶಪುರ ದಾಟಿ, ಹಾಸನ ಬಿಟ್ಟು, ಬೆಂಗಳೂರಿನ ಕಡೆಗೆ ನೇರ ರಸ್ತೆ ಸಿಕ್ಕಿತೆಂದು ನಿರಾಳವಾದಾಗ ನಿದ್ದೆ ಹತ್ತುತ್ತದೆ. ಸಾಧನ ಉಪಯೋಗಕ್ಕೆ ಬರುವುದು ಅಲ್ಲಿಯೇ.

ಎಚ್ಚರಿಸುವ ಯಂತ್ರ ದಣಿದವನಿಗೆ ನಿದ್ದೆಯನ್ನಂತೂ ಕೊಡಲಾರದು. ಒಮ್ಮೆ ಬೆಚ್ಚಿ ಎದ್ದವನು ಹತ್ತು ನಿಮಿಷಕ್ಕೆ ಮತ್ತೆ ತೂಕಡಿಸುತ್ತಾನೆ. ಆದ್ದರಿಂದ ಮಾಲು ತುಂಬಿಸಿದ ದಿನವೇ ಅದೇ ಚಾಲಕನನ್ನು ರಾತ್ರಿ ಪ್ರಯಾಣಕ್ಕೆ ಕಳಿಸಬಾರದೆಂದು ಸದಸ್ಯರಲ್ಲಿ ವಿನಂತಿಸುತ್ತೇವೆ. ಒಂದು ರಾತ್ರಿ ತಡವಾಗಿ ಮುಟ್ಟಿದರೆ ಪಾರ್ಚ್‌ಮೆಂಟ್ ಕೆಡುವುದಿಲ್ಲ. ಬಿಳಿ ಗೆರೆ ಅಳಿಸಿಹೋಗಿರುವ ರಸ್ತೆಗಳನ್ನು ಊರು, ಮೈಲಿಗಲ್ಲಿನ ಸಮೇತ ಸಂಘದ ಕಚೇರಿಗೆ ಬರೆದು ತಿಳಿಸಿದರೆ, ಎಲ್ಲವನ್ನೂ ಸೇರಿಸಿ ಸಂಬಂಧಪಟ್ಟ ಇಲಾಖೆಗಳಿಗೆ ಮನವಿ ಸಲ್ಲಿಸುತ್ತೇವೆ.