ಆಸ್ಪತ್ರೆಯ ಬಾಗಿಲಲ್ಲಿ ಕನ್ನಡ

ರಾಜ್ಯೋತ್ಸವ, ನಾಟಕ, ಕವಿಗೋಷ್ಠಿಗಳನ್ನು ಹೊರನಾಡ ಸಂಘಗಳು ನಿಷ್ಠೆಯಿಂದ ನಡೆಸಿಕೊಂಡು ಬಂದಿವೆ. ಅದು ಉಚಿತವೇ. ಆದರೆ ಹೈದರಾಬಾದಿನಲ್ಲಿ ನಮ್ಮ ವೇದಿಕೆಗಳ ಮೇಲೆ ಕೇಳಿಸದ ಇನ್ನೊಂದು ಕನ್ನಡವಿದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ ಜಿಲ್ಲೆಗಳಿಂದ ಕಟ್ಟಡದ ಕೂಲಿಗೆ ಬಂದು, ತಗಡಿನ ಬಿಡಾರಗಳಲ್ಲಿ ಬದುಕುವವರ ಕನ್ನಡ ಅದು.

ಈ ನಗರ ಅವರಿಗೆ ಪರಕೀಯವಲ್ಲ. 1956ರ ನವೆಂಬರ್ 1ರವರೆಗೆ ಆ ಸೀಮೆಗೆಲ್ಲ ಇದೇ ರಾಜಧಾನಿ. ಉಸ್ಮಾನಿಯಾ ಆಸ್ಪತ್ರೆ ಅವರ ಹಿರಿಯರ ರಾಜ್ಯದ ದೊಡ್ಡಾಸ್ಪತ್ರೆ. ಭಾಷಾವಾರು ಪ್ರಾಂತ ರಚನೆಯನ್ನು ಹೆಮ್ಮೆಯಿಂದ ಸ್ಮರಿಸುವವರಲ್ಲಿ ನಾನೂ ಒಬ್ಬ. ಆದರೆ ಅಂದು ಎಳೆದ ಗೆರೆ ಇಂದು ಪಡಿತರ ಚೀಟಿಯ ರೂಪದಲ್ಲಿ ಬಡ ರೋಗಿಯ ಮುಂದೆ ಅಡ್ಡ ನಿಲ್ಲುತ್ತದೆ. 2007ರಲ್ಲಿ ಅವಿಭಜಿತ ಆಂಧ್ರಪ್ರದೇಶದಲ್ಲಿ ಆರಂಭವಾದ ಆರೋಗ್ಯಶ್ರೀಯ ಮಿತಿ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿತು. ಆ ನೆರವು ತೆಲಂಗಾಣದ ಅರ್ಹ ಕುಟುಂಬಗಳಿಗೆ. ಊರಿನ ಚೀಟಿ ಹಿಡಿದು ಬಂದವನಿಗಲ್ಲ.

ಹಾಗೆಂದು ಎಲ್ಲ ಬಾಗಿಲುಗಳೂ ಮುಚ್ಚಿಲ್ಲ. 2018ರಿಂದ ನಗರದ ಬಡಾವಣೆಗಳಲ್ಲಿ ತೆರೆದ ಬಸ್ತಿ ದವಾಖಾನೆಗಳಲ್ಲಿ ವೈದ್ಯರ ಸಲಹೆ, ಔಷಧಿ ಉಚಿತ. ಅಂಗನವಾಡಿ ಸೇವೆ ಪ್ರತಿ ವಸತಿಯ ಮಕ್ಕಳಿಗೂ ಗರ್ಭಿಣಿಯರಿಗೂ ದೊರೆಯಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಆದೇಶಿಸಿದೆ. 2020ರ ಜನವರಿಯಿಂದ ಕರ್ನಾಟಕ, ತೆಲಂಗಾಣಗಳೆರಡೂ ಪಡಿತರ ಚೀಟಿಯ ರಾಷ್ಟ್ರೀಯ ವ್ಯವಸ್ಥೆಯೊಳಗಿವೆ. ಆಹಾರ ಭದ್ರತಾ ಕಾಯಿದೆಯ ಧಾನ್ಯವನ್ನು ಇಲ್ಲಿಯೂ ಪಡೆಯಬಹುದು.

ಸೌಲಭ್ಯವಿದ್ದರೂ ಅಲ್ಲಿಗೆ ಕೈಹಿಡಿದು ಕರೆದೊಯ್ಯುವವರಿಲ್ಲ. ಗಂಡಸರು ಕೆಲಸದ ಜಾಗದಲ್ಲಿ ತೆಲುಗು, ಉರ್ದು ಕಲಿಯುತ್ತಾರೆ. ಹೊಸದಾಗಿ ಬಂದ ತಾಯಿಗೆ ಅವೆರಡೂ ಬಾರವು. ‘ಕೂಸಿಗಿ ದಮ್ಮ ಹತ್ಯಾದ’ ಎಂದು ಆಕೆ ಹೇಳಿದರೆ ಎದುರಿಗಿದ್ದವರಿಗೆ ಅರ್ಥವಾಗಬೇಕಲ್ಲ. ಜತೆಗೆ ಒಂದು ದಿನದ ಸಾಲು ಎಂದರೆ ಒಂದು ದಿನದ ಕೂಲಿ ನಷ್ಟ. ಆದ್ದರಿಂದ ಜ್ವರ ಏರುವವರೆಗೆ ಕಾಯುತ್ತಾರೆ. ಕೊನೆಗೆ ಸಾಲ ಮಾಡಿ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ.

ರೋಗಿಯ ಮನೆಯ ಸ್ಥಿತಿ ತಿಳಿಯದೆ ಬರೆದ ಔಷಧಿ ವ್ಯರ್ಥವೆಂದು ಕಂಡುಕೊಂಡ ಡಾಕ್ಟರ್ ರಿಚರ್ಡ್ ಕ್ಯಾಬಟ್, 1905ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಸಮಾಜ ಕಾರ್ಯಕರ್ತೆಯನ್ನು ತಂದರು. ವೈದ್ಯನಿಗೂ ಬಿಡಾರಕ್ಕೂ ನಡುವೆ ನಿಲ್ಲುವ ಅಂಥ ಒಬ್ಬ ವ್ಯಕ್ತಿಯೇ ಇಲ್ಲಿಯ ಕೊರತೆ.

ನಮ್ಮ ಸದಸ್ಯರಲ್ಲಿ ನಿವೃತ್ತ ದಾದಿಯರು, ಶಿಕ್ಷಕರು, ಮೂರು ನಾಲ್ಕು ಭಾಷೆ ಬಲ್ಲ ಗೃಹಿಣಿಯರು ಇದ್ದಾರೆ. ವಾರಕ್ಕೆ ಒಂದು ಮುಂಜಾನೆ ಇಬ್ಬರು ನಿಲೋಫರ್‌ನಂಥ ಮಕ್ಕಳ ಆಸ್ಪತ್ರೆಗೆ ಹೋಗಿ, ಅನುಮತಿ ಪಡೆದು, ಸಾಲಿನಲ್ಲಿರುವ ಕನ್ನಡ ತಾಯಂದಿರ ಪಕ್ಕ ನಿಲ್ಲಲಿ. ಸಮೀಪದ ಬಸ್ತಿ ದವಾಖಾನೆ, ಅಂಗನವಾಡಿಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಬಿಡಾರಗಳಿಗೆ ತಲುಪಿಸೋಣ. ಓದಲು ಬಾರದವರಿಗೆ ಓದಿ ಹೇಳೋಣ. ಹೊರರಾಜ್ಯದ ತನ್ನ ಕಾರ್ಮಿಕರ ಚಿಕಿತ್ಸೆಯ ಬಗೆಗೆ ತೆಲಂಗಾಣದೊಡನೆ ಒಪ್ಪಂದ ಮಾಡಿಕೊಳ್ಳುವಂತೆ ಕರ್ನಾಟಕ ಸರಕಾರವನ್ನು ಒತ್ತಾಯಿಸೋಣ.

ಹೆಸರು ಕೊಡುವ ಸದಸ್ಯರು ಸಂಘದ ಕಾರ್ಯಾಲಯದಲ್ಲಿ ಬರೆಸಬೇಕಾಗಿ ವಿನಂತಿ. ಮೊದಲ ಹೆಸರಾಗಿ ನನ್ನದನ್ನು ಬರೆಸಿದ್ದೇನೆ.