ಕೂಲಿಯಾಳು ಯಾರು?



ರಾತ್ರಿಯ ಜಪಮಾಲೆ ಮುಗಿದ ಮೇಲೆ ನಮ್ಮ ಮಕ್ಕಳ ಕೈಗೆ ಮೊಬೈಲು ಬರುತ್ತದೆ. ಅದರಲ್ಲಿ ಅವರು ನೋಡುವ ಜಪಾನಿನ ಚಿತ್ರಸರಣಿಗಳ ಬಗ್ಗೆ ಹಿರಿಯರಾದ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. 'ಅದು ಬರೀ ಕಾರ್ಟೂನು, ನೋಡಿಕೊಳ್ಳಲಿ ಬಿಡಿ' ಎನ್ನುವುದು ಒಂದು. 'ಅದು ಸೈತಾನನ ಬಲೆ, ಕಿತ್ತುಕೊಳ್ಳಿ' ಎನ್ನುವುದು ಇನ್ನೊಂದು. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಅವುಗಳನ್ನು ಆಡುವವರು ಬಹುಮಟ್ಟಿಗೆ ಒಂದೇ ಗುಂಪಿನವರು: ನೋಡದವರು. ನೋಡದೆ ಬಿಟ್ಟುಬಿಡುವುದೂ ನೋಡದೆ ಬೈಯುವುದೂ ನಮ್ಮ ಹೊಣೆಯಿಂದ ನುಣುಚಿಕೊಳ್ಳುವ ಎರಡು ದಾರಿಗಳೆಂದೇ ನನ್ನ ವಾದ.

ಉದಾಹರಣೆಗೆ ಒಂದನ್ನು ತೆಗೆದುಕೊಳ್ಳೋಣ. 'ಮೊಬೈಲ್ ಸೂಟ್ ಗಂಡಮ್: ಐರನ್-ಬ್ಲಡೆಡ್ ಆರ್ಫನ್ಸ್' ಎಂಬ ಜಪಾನೀ ಸರಣಿ ೨೦೧೫ರಿಂದ ೨೦೧೭ರವರೆಗೆ ೫೦ ಕಂತುಗಳಲ್ಲಿ ಪ್ರಸಾರವಾಯಿತು. ಕಥೆ ನಡೆಯುವುದು ಬಹುದೂರದ ಭವಿಷ್ಯದಲ್ಲಿ, ಮಂಗಳ ಗ್ರಹದಲ್ಲಿ. ಅಲ್ಲಿ ಒಂದು ಖಾಸಗಿ ಭದ್ರತಾ ಕಂಪನಿ ಗತಿಯಿಲ್ಲದ ಹುಡುಗರನ್ನು ಕೂಲಿಗೆ ಇಟ್ಟುಕೊಂಡಿದೆ. ಯಂತ್ರಗಳನ್ನು ನೇರವಾಗಿ ನಡೆಸಲೆಂದು ಅವರ ಬೆನ್ನುಹುರಿಗೆ ಒಂದು ಸಾಧನವನ್ನು ಹೂಳಲಾಗುತ್ತದೆ. ಬೆಳೆಯುವ ಮಕ್ಕಳ ಮೈಯಲ್ಲಿ ಮಾತ್ರ ಅದು ನಾಟುತ್ತದೆ. ಕೆಲವರು ಆ ಶಸ್ತ್ರಚಿಕಿತ್ಸೆಯಲ್ಲಿಯೇ ಹೆಳವರಾಗುತ್ತಾರೆ, ಸಾಯುತ್ತಾರೆ. ಅದರ ಹೆಸರು 'ಆಲಯ ವಿಜ್ಞಾನ', ಬೌದ್ಧ ದರ್ಶನದಿಂದ ಎರವಲು ಪಡೆದ ಸಂಸ್ಕೃತ ಪದ. ಎಷ್ಟು ಸುಂದರವಾದ ಹೆಸರು, ಎಷ್ಟು ಕ್ರೂರವಾದ ಕೆಲಸ! ಗುಜರಿ ಲೋಹದ ಬೆಲೆಗೆ ಮಾರಾಟವಾದ ಮಕ್ಕಳನ್ನಂತೂ ಆ ಲೋಕ 'ಮನುಷ್ಯ ಕಸ' ಎಂದೇ ಕರೆಯುತ್ತದೆ.

ಒಂದು ದಿನ ಬಲಾಢ್ಯ ಸೇನೆಯೊಂದು ದಾಳಿ ಮಾಡುತ್ತದೆ. ಆಗ ಕಂಪನಿಯ ಯಜಮಾನನೂ ದೊಡ್ಡವರ ದಳವೂ ಹುಡುಗರನ್ನು ಬಲಿಯಾಗಿ ಮುಂದಿಟ್ಟು ತಾವು ಓಡಿಹೋಗುತ್ತಾರೆ. ಉಳಿದು ಹೋರಾಡಿದ ಹುಡುಗರು ಆಮೇಲೆ ಕಂಪನಿಯನ್ನು ತಮ್ಮದಾಗಿಸಿಕೊಂಡು, ಒರ್ಗಾ ಎಂಬ ತರುಣನ ನಾಯಕತ್ವದಲ್ಲಿ 'ತೆಕ್ಕದಾನ್' ಎಂಬ ಬಳಗ ಕಟ್ಟುತ್ತಾರೆ. ಬಾಡದ ಕಬ್ಬಿಣದ ಹೂವು ಎಂಬುದು ಆ ಹೆಸರಿನ ಆಶಯ.

ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಇಲ್ಲಿ ನೆನೆಯಿರಿ. ತೋಳ ಬರುವುದನ್ನು ಕಂಡು ಕೂಲಿಯಾಳು ಓಡಿಹೋಗುತ್ತಾನೆ. ಏಕೆಂದರೆ ಕುರಿಗಳು ಅವನವಲ್ಲ. ಈ ಕಥೆಯಲ್ಲಿ ಜಗತ್ತು ಕೂಲಿ ಸೈನಿಕರೆಂದು ಕರೆಯುವುದು ಆ ಹುಡುಗರನ್ನು. ಆದರೆ ಯೇಸುಸ್ವಾಮಿಯ ಅಳತೆಗೋಲಿನಿಂದ ನೋಡಿದರೆ ಕೂಲಿಯಾಳುಗಳು ಓಡಿಹೋದ ಆ ದೊಡ್ಡವರೇ. ಹುಡುಗರ ಕೈಗೆ ಬಂದೂಕು ಬರುವ ಮೊದಲೇ ಕುರಿಗಾಹಿ ಪರಾರಿಯಾಗಿದ್ದ.

ಈ ಸರಣಿಯಲ್ಲಿನ ಯುದ್ಧಯಂತ್ರಗಳಿಗೆ ಯೂರೋಪಿನ ಹಳೆಯ ಮಾಂತ್ರಿಕ ಗ್ರಂಥಗಳಲ್ಲಿ ಬರುವ ದೆವ್ವಗಳ ಹೆಸರುಗಳಿವೆ ಎಂಬುದು ನಿಜ. ನಾಯಕನ ಯಂತ್ರದ ಹೆಸರು ಬಾರ್ಬಟೋಸ್. ಇದನ್ನು ಕೇಳಿದೊಡನೆ ಬೆಚ್ಚಿಬೀಳುವವರಿದ್ದಾರೆ. ಅವರಿಗೆ ನನ್ನ ಪ್ರಶ್ನೆ ಇಷ್ಟೇ: ಯಂತ್ರಕ್ಕೆ ಅಂಟಿಸಿದ ಹೆಸರಿಗೆ ಹೆದರುವ ನಾವು ಮಗುವಿನ ಬೆನ್ನಿಗೆ ಇಳಿದ ಸೂಜಿಗೆ ಏಕೆ ಹೆದರುವುದಿಲ್ಲ? ಅಂಥ ಸೂಜಿ ಬರೀ ಕಲ್ಪನೆಯೆಂದು ಸಮಾಧಾನ ಪಡಬೇಡಿ. ೨೦೧೨ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ತನ್ನ ಮೊಟ್ಟಮೊದಲ ತೀರ್ಪನ್ನು ನೀಡಿದ್ದು ಕಾಂಗೋ ದೇಶದ ಥಾಮಸ್ ಲುಬಾಂಗನ ವಿರುದ್ಧ. ಅಪರಾಧ, ಹದಿನೈದು ವರ್ಷ ತುಂಬದ ಮಕ್ಕಳನ್ನು ಯುದ್ಧಕ್ಕೆ ಬಳಸಿದ್ದು. ಹದಿನೆಂಟರೊಳಗಿನವರನ್ನು ಕದನಕ್ಕಿಳಿಸುವುದನ್ನು ತಡೆಯಲು ವಿಶ್ವಸಂಸ್ಥೆ ೨೦೦೦ದಲ್ಲಿ ಒಂದು ಒಪ್ಪಂದವನ್ನೇ ಮಾಡಬೇಕಾಯಿತು. ಇಲ್ಲದ ರೋಗಕ್ಕೆ ಯಾರೂ ಔಷಧಿ ಅರೆಯುವುದಿಲ್ಲ.

ಹಾಗೆಂದು ನಾನು ಈ ಕಥೆಗೆ ಆರತಿ ಎತ್ತುತ್ತಿಲ್ಲ. ಇದರಲ್ಲಿ ರಕ್ತ ಹರಿಯುತ್ತದೆ. ಚಿಕ್ಕ ಮಕ್ಕಳಿಗೆ ಇದು ತಕ್ಕುದಲ್ಲ. ಅದಕ್ಕಿಂತ ದೊಡ್ಡ ಅಪಾಯ ಆ ಬಳಗದ ಸೊಬಗಿನಲ್ಲಿದೆ. ಒಬ್ಬರಿಗೊಬ್ಬರು ಪ್ರಾಣ ಕೊಡುವ ಆ ಗೆಳೆತನವನ್ನು ಕಂಡು ಒಂಟಿತನದಲ್ಲಿರುವ ಯಾವ ಹದಿಹರೆಯದ ಮನಸ್ಸು ಕರಗದು? ಆದರೆ ಆ ಬಳಗದ ವೀರ ಮಿಕಾಜುಕಿಯನ್ನು ಗಮನಿಸಿ. ಮುಂದೇನು ಮಾಡಲಿ ಎಂದು ಅವನು ಒರ್ಗಾನನ್ನು ಕೇಳುತ್ತಾನೆ. ಕೊಲ್ಲು ಎಂದರೆ ಕೊಲ್ಲುತ್ತಾನೆ. ಅಂತಃಸಾಕ್ಷಿ ಇರಬೇಕಾದ ಜಾಗದಲ್ಲಿ ಗೆಳೆಯನನ್ನು ಕೂರಿಸಿದ್ದಾನೆ. ತಂಗಿಯರ ಓದಿಗಾಗಿ ದುಡಿಯುತ್ತಿದ್ದ, ಹಿಂದೆ ಸರಿಯೋಣ ಎಂದು ಹೇಳಬಲ್ಲವನಾಗಿದ್ದ ಬಿಸ್ಕಟ್ ಎಂಬ ಹುಡುಗ ನಡುವೆಯೇ ಸಾಯುತ್ತಾನೆ. ಅವನಂತೆ ತಡೆಯುವವರಿಲ್ಲದ ಬಳಗವನ್ನು ಮುಂದೆ ಅಧಿಕಾರದ ಆಸೆ ಸೆಳೆದೊಯ್ಯುತ್ತದೆ. ಮಿಕಾಜುಕಿ ತನ್ನ ಯಂತ್ರದಿಂದ ಹೆಚ್ಚು ಬಲ ಪಡೆದಂತೆಲ್ಲ ಕಣ್ಣು, ಕೈ, ಕಾಲುಗಳ ಶಕ್ತಿ ಉಡುಗುತ್ತದೆ. ಕೊನೆಗೆ ಒರ್ಗಾ ಬೀದಿಯಲ್ಲಿ ಗುಂಡೇಟಿಗೆ ಬೀಳುತ್ತಾನೆ, ಮಿಕಾಜುಕಿ ಯಂತ್ರದೊಳಗೇ ಮಡಿಯುತ್ತಾನೆ. ಹಿಂಸೆಗೆ ತೆರಬೇಕಾದ ಬೆಲೆಯನ್ನು ಕಥೆ ಮುಚ್ಚಿಡುವುದಿಲ್ಲ.

ಆದರೆ ವ್ಯಾಪಾರ ಮುಚ್ಚಿಡುತ್ತದೆ. ಈ ಸರಣಿಯ ಬೆನ್ನಿಗೆ ಅದೇ ಯುದ್ಧಯಂತ್ರಗಳ ಪ್ಲಾಸ್ಟಿಕ್ ಮಾದರಿಗಳನ್ನು ಬಂಡಾಯಿ ಕಂಪನಿ ಮಾರುತ್ತದೆ. ಮಕ್ಕಳನ್ನು ಲಾಭಕ್ಕೆ ಬಳಸುವುದರ ವಿರುದ್ಧದ ಕಥೆ, ಮಕ್ಕಳ ಮುಂದಿಟ್ಟ ಅಂಗಡಿಯ ಕಿಟಕಿಯೂ ಹೌದು. ಕಪಾಟಿನ ಮೇಲೆ ಬಾರ್ಬಟೋಸ್ ನಿಲ್ಲುತ್ತದೆ. ಬಿಸ್ಕಟ್‌ನ ಬುದ್ಧಿಮಾತನ್ನು ಕಪಾಟಿನ ಮೇಲೆ ನಿಲ್ಲಿಸಲಾಗದು. ಆ ಮಾತನ್ನು ಎತ್ತಿ ತೋರಿಸುವವರು ಮನೆಯಲ್ಲಿರಬೇಕು.

ಇಲ್ಲಿಯೇ ನಮ್ಮ ಧರ್ಮಕೇಂದ್ರಗಳ ಮಾತು ಬರುತ್ತದೆ. ದೃಢೀಕರಣ ಸಂಸ್ಕಾರ ಪಡೆದ ಹುಡುಗರಿಗೆ ಮುಂದಿನ ವರ್ಷಗಳಲ್ಲಿ ನಾವು ಏನನ್ನು ಕೊಡುತ್ತೇವೆ? ಹಬ್ಬ ಬಂದಾಗ ಕುರ್ಚಿ ಹೊರಲು, ತೋರಣ ಕಟ್ಟಲು ಅವರ ನೆನಪಾಗುತ್ತದೆ. ಹಬ್ಬ ಮುಗಿದರೆ ಅವರು ಯಾರೋ, ನಾವು ಯಾರೋ. ೧೮೪೧ರ ಡಿಸೆಂಬರ್ ೮ರಂದು ತುರಿನ್ ನಗರದ ದೇವಾಲಯವೊಂದರಲ್ಲಿ, ಪೂಜೆಗೆ ಸಹಾಯ ಮಾಡಲು ಬಾರದ ಅನಾಥ ಹುಡುಗನೊಬ್ಬನನ್ನು ಅಲ್ಲಿನ ಸೇವಕ ಹೊಡೆದಟ್ಟಿದ. ಸಂತ ಜಾನ್ ಬೋಸ್ಕೊ ಅವನನ್ನು ಹಿಂದಕ್ಕೆ ಕರೆಸಿದರು, ಅವನು ತನ್ನ ಸ್ನೇಹಿತನೆಂದರು, ಅವನ ಊರು ಕೇರಿ ವಿಚಾರಿಸಿದರು. ಅಂದು ಹೊಡೆದಟ್ಟಿದವನೂ ದೇವಾಲಯದವನೇ, ಕರೆದವರೂ ದೇವಾಲಯದವರೇ. ಇಬ್ಬರಲ್ಲಿ ನಾವು ಯಾರೆಂಬುದನ್ನು ಪ್ರತಿ ಹುಡುಗನ ವಿಷಯದಲ್ಲಿಯೂ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ.

ಆದ್ದರಿಂದ ಹೆತ್ತವರೇ, ಮೊಬೈಲನ್ನು ಕಿತ್ತುಕೊಳ್ಳುವ ಮೊದಲು ನಿಮ್ಮ ಮಗನ, ಮಗಳ ಪಕ್ಕದಲ್ಲಿ ಕುಳಿತು ಒಂದು ಕಂತನ್ನು ನೋಡಿ. ಉಪದೇಶ ಮಾಡಬೇಡಿ, ಪ್ರಶ್ನೆ ಕೇಳಿ. ಆ ಹುಡುಗರನ್ನು ಬಿಟ್ಟು ಓಡಿದವರು ಯಾರು? ಒರ್ಗಾನಿಗೆ 'ಬೇಡ' ಎನ್ನಲು ಯಾರಿದ್ದರು? ನಿನ್ನ ಬಳಗದಲ್ಲಿ ಹಾಗೆ ಹೇಳುವವರು ಯಾರಿದ್ದಾರೆ? ಉತ್ತರ ಬರಲು ತಡವಾದರೆ ಎದ್ದುಹೋಗಬೇಡಿ. ಕೂಲಿಯಾಳಿಗೂ ಕುರಿಗಾಹಿಗೂ ಇರುವ ವ್ಯತ್ಯಾಸ ತಿಳಿಯುವುದು ತೋಳ ಬಂದಾಗ. ಅಂದು ನಿಲ್ಲುವ ಅಭ್ಯಾಸ ಇಂದಿನಿಂದಲೇ ಆಗಬೇಕು.