ಮಣ್ಣು ಕೇಳುವ ತಳಿ, ಪೇಟೆ ಕೇಳುವ ತಳಿ

ಬ್ರಿಟನ್ನಿನ ಚಿಪ್ಸ್ ಅಂಗಡಿಗಳ ಅಚ್ಚುಮೆಚ್ಚಿನ ಆಲೂಗಡ್ಡೆ ಮಾರಿಸ್ ಪೈಪರ್. ಕೇಂಬ್ರಿಜ್‌ನ ಸಾರ್ವಜನಿಕ ಸಸ್ಯತಳಿ ಸಂಸ್ಥೆ 1966ರಲ್ಲಿ ಹೊರತಂದ ಈ ತಳಿ, ಬೇರಿಗೆ ಮುತ್ತುವ ಹಳದಿ ನೆಮಟೋಡ್ ಹುಳುವನ್ನು ತಡೆಯುತ್ತದೆ. ಆ ಶಕ್ತಿ ಬಂದದ್ದು ಆಂಡಿಸ್ ರೈತರು ತಲೆಮಾರುಗಳಿಂದ ಕಾಪಾಡಿದ ಗಡ್ಡೆಯಿಂದ. ಆದರೆ ಮತ್ತೆ ಮತ್ತೆ ಅದನ್ನೇ ನೆಟ್ಟದ್ದರಿಂದ, ಅದು ತಡೆಯಲಾರದ ಬಿಳಿ ನೆಮಟೋಡ್ ಹೊಲಗಳಲ್ಲಿ ಹಬ್ಬಿತು. ಅದರ ಮೊಟ್ಟೆಗಳು ಮಣ್ಣಿನಲ್ಲಿ 20 ವರ್ಷವಾದರೂ ಬದುಕಿರಬಲ್ಲವು. ಇನ್ನೊವೇಟರ್ ತಳಿ ಬಿಳಿ ಹುಳುವಿಗೆ ಜಗ್ಗುವುದಿಲ್ಲ, ಹಳದಿಗೆ ಸೋಲುತ್ತದೆ. ಹಾಗಾಗಿ ತಳಿಯನ್ನು ಆರಿಸಬೇಕಾದದ್ದು ಮಣ್ಣಿನ ಪರೀಕ್ಷೆ. ಆರಿಸುತ್ತಿರುವುದು ಬಹುಪಾಲು ಸೂಪರ್‌ಮಾರ್ಕೆಟ್‌ಗಳ, ಸಂಸ್ಕರಣಾ ಕಂಪನಿಗಳ ಬೇಡಿಕೆ. ಪೇಟೆಯ ಹಂಗಿಲ್ಲದೆ ಹುಳುವಿನ ಹಿಂದೆ ದಶಕಗಟ್ಟಲೆ ಬೀಳಬಲ್ಲ ಸಂಸ್ಥೆಯೊಂದು ಇತ್ತಲ್ಲ, ಅದರ ತಳಿ ವಿಭಾಗವನ್ನು ಥ್ಯಾಚರ್ ಸರ್ಕಾರ 1987ರಲ್ಲಿ ಯೂನಿಲಿವರ್‌ಗೆ ಮಾರಿತು.